ಪೊಟ್ಟಣವನ್ನೂ ಓದಿ, ಪಾಲಿಸಿಯನ್ನೂ ಓದಿ

ಕಾಯಿಲೆಯ ಭಯ ಇರುವ ಮನೆಯನ್ನು ಇಬ್ಬರು ಹುಡುಕಿಕೊಂಡು ಬರುತ್ತಾರೆ. ಒಬ್ಬ ‘ಈ ಪುಡಿ ತಗೊಳ್ಳಿ, ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಮಾಯ’ ಎನ್ನುತ್ತಾನೆ. ಇನ್ನೊಬ್ಬ ‘ಇಲ್ಲೊಂದು ಸಹಿ ಹಾಕಿ, ಆಸ್ಪತ್ರೆ ಖರ್ಚೆಲ್ಲ ಕಂಪನಿಯದ್ದೇ’ ಎನ್ನುತ್ತಾನೆ. ಪ್ರಾಮಾಣಿಕವಾಗಿ ಮಾರುವವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮೋಸಗಾರನಿಗೆ ಬೇಕಾದದ್ದು ಒಂದೇ: ನಾವು ಓದದೆ ಒಪ್ಪಿಕೊಳ್ಳಬೇಕು.

ಮೂವತ್ತು ವರ್ಷ ಔಷಧದ ಅಂಗಡಿ ನಡೆಸಿದವನು ನಾನು. ಈ ಎರಡು ಮೋಸಗಳೂ ಒಂದೇ ಮನೆಯಲ್ಲಿ ನಡೆದದ್ದನ್ನು ಕಂಡಿದ್ದೇನೆ. ನಮ್ಮ ಬೀದಿಯ ಹಿರಿಯರೊಬ್ಬರು ಪುಡಿಯನ್ನು ನಂಬಿ ಮಧುಮೇಹದ ಮಾತ್ರೆ ನಿಲ್ಲಿಸಿದರು. ಕಾಲಿನ ಸಣ್ಣ ಗಾಯ ಮಾಯಲಿಲ್ಲ, ಕೊಳೆಯತೊಡಗಿತು. ಆಸ್ಪತ್ರೆಗೆ ಸೇರಿದ ಮೇಲೆ ‘ವಿಮೆ ಇದೆಯಲ್ಲ’ ಎಂಬ ಧೈರ್ಯ ಇತ್ತು. ಕಂಪನಿಯವರು ಹಣ ಕೊಡಲಿಲ್ಲ. ಅರ್ಜಿಯಲ್ಲಿ ‘ಮಧುಮೇಹ ಇದೆಯೇ?’ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದಿತ್ತು. ಅವರು ಏಜೆಂಟರಿಗೆ ಹೇಳಿದ್ದರಂತೆ. ‘ಅದೆಲ್ಲ ಬರೆಯೋದು ಬೇಡ ಯಜಮಾನ್ರೇ, ಪ್ರೀಮಿಯಂ ಜಾಸ್ತಿ ಆಗುತ್ತೆ’ ಎಂದು ಆತನೇ ತುಂಬಿಸಿದ್ದ. ಕೆಳಗಿನ ಸಹಿ ಮಾತ್ರ ಹಿರಿಯರದ್ದು. ಎರಡು ಬೆರಳುಗಳ ಜೊತೆ ಪಿಂಚಣಿಯ ಉಳಿತಾಯವೂ ಹೋಯಿತು.

ಪೊಟ್ಟಣದ ಪತ್ತೇದಾರಿಕೆ

ಮಕ್ಕಳೇ, ಇದು ನಿಮ್ಮ ಕೆಲಸ. ಅಜ್ಜಿ ತರಿಸಿದ ಪುಡಿಯ ಪೊಟ್ಟಣ ತಿರುಗಿಸಿ ನೋಡಿ. ಔಷಧವೆಂದರೆ, ಅದು ಆಯುರ್ವೇದದ್ದೇ ಇರಲಿ, ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಲೇಬೇಕು. ಅವುಗಳ ಬದಲು 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಮಾತ್ರ ಇದ್ದರೆ, ಅದನ್ನು ಆಹಾರ ಪದಾರ್ಥವೆಂದು ಮಾರುತ್ತಿದ್ದಾರೆ ಎಂದರ್ಥ. ಅದು ಔಷಧದ ಪರವಾನಗಿ ಅಲ್ಲ. ಏನೂ ಬರೆಯದ ಪೊಟ್ಟಣವನ್ನಂತೂ ಬಾಯಿಗೆ ಹಾಕಬಾರದು. ‘ಬರೀ ಗಿಡಮೂಲಿಕೆ’ ಎಂದು ಮಾರಿದ ಮಂಡಿನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ನೋವು ಎರಡೇ ದಿನದಲ್ಲಿ ಇಳಿಯುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಸದ್ದಿಲ್ಲದೆ ಏರುತ್ತವೆ.

ಆಮೇಲೆ ಜಾಹೀರಾತು ಓದಿ. ‘ನೂರಕ್ಕೆ ನೂರು ಗ್ಯಾರಂಟಿ’, ‘ಎಲ್ಲ ಕಾಯಿಲೆಗೂ ಒಂದೇ ಮದ್ದು’, ‘ಡಾಕ್ಟರಿಗೆ ಹೇಳಬೇಡಿ’, ‘ಇವತ್ತೇ ಕೊನೆಯ ದಿನ’ - ಈ ನಾಲ್ಕರಲ್ಲಿ ಒಂದು ಕಂಡರೂ ಎಚ್ಚರ. ಮಧುಮೇಹ ಅಥವಾ ಕ್ಯಾನ್ಸರ್ ಗುಣಪಡಿಸುತ್ತೇವೆ, ಎತ್ತರ ಬೆಳೆಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾನೂನು ನಿಷೇಧಿಸಿದೆ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದವನು ಎದ್ದು ಕುಳಿತ. ಅಷ್ಟು ದೊಡ್ಡ ಔಷಧವೂ ಮಧುಮೇಹವನ್ನು ಬೇರುಸಹಿತ ಕಿತ್ತುಹಾಕುವುದಿಲ್ಲ, ಹತೋಟಿಯಲ್ಲಿ ಇಡುತ್ತದೆ, ಅಷ್ಟೇ. ಹೀಗಿರುವಾಗ ಹೆಸರಿಲ್ಲದ ಪುಡಿ ಮೂರು ತಿಂಗಳಲ್ಲಿ ಅದನ್ನು ಓಡಿಸುತ್ತದೆಯೇ? ಅಜ್ಜ-ಅಜ್ಜಿಯರೇ, ಹೊಸದೇನಾದರೂ ತೆಗೆದುಕೊಳ್ಳುವ ಆಸೆಯಾದರೆ ವೈದ್ಯರಿಗೆ ತೋರಿಸಿ ಕೇಳಿ. ನುಂಗುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಪಾಲಿಸಿಯಲ್ಲಿ ಹುಡುಕಬೇಕಾದ ನಾಲ್ಕು ಮಾತು

ಪಾಲಿಸಿಯ ಅಕ್ಷರ ಸಣ್ಣದು. ಅಜ್ಜನ ಅನುಭವ, ಮೊಮ್ಮಗಳ ಕಣ್ಣು ಎರಡೂ ಸೇರಿದರೆ ಓದಬಹುದು.

ಮೊದಲನೆಯದು, ಇರುವ ಕಾಯಿಲೆ. ಬಿ.ಪಿ., ಸಕ್ಕರೆ, ಹಿಂದಿನ ಆಪರೇಷನ್ ಎಲ್ಲವನ್ನೂ ಅರ್ಜಿಯಲ್ಲಿ ಬರೆಸಿ. ಬೇರೆಯವರು ತುಂಬಿಸಿದ ಅರ್ಜಿಯನ್ನು ಪೂರ್ತಿ ಓದಿದ ಮೇಲೆ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ಎರಡನೆಯದು, ಕಾಯುವ ಅವಧಿ. ಮೊದಲೇ ಇದ್ದ ಕಾಯಿಲೆಗೆ ಹಣ ಸಿಗಲು ಕೆಲವು ಕಾಲ ಕಾಯಬೇಕು. 2024ರ ನಿಯಮದಂತೆ ಇದು 36 ತಿಂಗಳು ಮೀರುವಂತಿಲ್ಲ. ಕಣ್ಣಿನ ಪೊರೆ, ಮಂಡಿಚಿಪ್ಪಿನ ಆಪರೇಷನ್‌ಗೂ ಪ್ರತ್ಯೇಕ ಕಾಯುವ ಅವಧಿ ಇರಬಹುದು.

ಮೂರನೆಯದು, ಕೋ-ಪೇ. ಶೇ. 20 ಎಂದಿದ್ದರೆ 1 ಲಕ್ಷ ರೂಪಾಯಿ ಬಿಲ್ಲಿನಲ್ಲಿ 20 ಸಾವಿರ ನಮ್ಮ ಜೇಬಿನಿಂದಲೇ ಹೋಗುತ್ತದೆ.

ನಾಲ್ಕನೆಯದು, ಕೋಣೆ ಬಾಡಿಗೆಯ ಮಿತಿ. ಮಕ್ಕಳೇ, ಇಲ್ಲಿ ಲೆಕ್ಕ ಮಾಡಿ. 3 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆಗೆ ಶೇ. 1 ಮಿತಿ ಎಂದರೆ 3 ಸಾವಿರ. ಅಜ್ಜ 6 ಸಾವಿರದ ಕೋಣೆ ಹಿಡಿದರೆ ಕಡಿತ ಆಗುವುದು ಬಾಡಿಗೆಯಲ್ಲಿ ಮಾತ್ರವಲ್ಲ. ವೈದ್ಯರ ಶುಲ್ಕ, ಆಪರೇಷನ್ ಕೋಣೆಯ ಶುಲ್ಕದಂಥವುಗಳಲ್ಲೂ ಕಂಪನಿ ಅರ್ಧವನ್ನಷ್ಟೇ ಕೊಡಬಹುದು. ಅಗ್ಗದ ಪಾಲಿಸಿ ದುಬಾರಿಯಾಗುವುದು ಹೀಗೆ.

ಹೊಸ ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಲು 30 ದಿನ ಇರುತ್ತದೆ. ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಿ, ಸಣ್ಣಪುಟ್ಟ ಕಡಿತ ಬಿಟ್ಟು ಹಣ ವಾಪಸ್ ಪಡೆಯಬಹುದು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಯಾರಾದರೂ ಸೇರಿಸಿ ಕೇಳಿದರೆ ‘ಯಾಕೆ?’ ಎಂದು ಕೇಳಿ.

ಖಾಸಗಿ ಪಾಲಿಸಿಗೆ ಮೊದಲು ಸರ್ಕಾರದ ಯೋಜನೆಗಳನ್ನೂ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ, ಸಂಘದ ಕಚೇರಿಯಲ್ಲಿ ಕೇಳಿದರೆ ತಿಳಿಯುತ್ತದೆ.

ಫೋನ್ ಬಂದರೆ

‘ವಿಮಾ ಪ್ರಾಧಿಕಾರದಿಂದ ಮಾತಾಡ್ತಿದ್ದೀವಿ, ನಿಮಗೆ ಬೋನಸ್ ಬಂದಿದೆ’ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಐಆರ್‌ಡಿಎಐ ಎಂಬ ಈ ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ಸನ್ನೂ ಹಂಚುವುದಿಲ್ಲ. ಓಟಿಪಿ ಯಾರಿಗೂ ಹೇಳಬೇಡಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ. ಮಕ್ಕಳೇ, ಆ ಹೊತ್ತಿನಲ್ಲಿ ಅಜ್ಜನನ್ನು ಬೈಯಬೇಡಿ, ನಂಬರ್ ಒತ್ತಿಕೊಡಿ.

ವಿಮೆಯ ಹಣ ಅನ್ಯಾಯವಾಗಿ ತಡೆದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಐಆರ್‌ಡಿಎಐನ ದೂರು ವಿಭಾಗ ‘ಬಿಮಾ ಭರೋಸಾ’ಕ್ಕೆ 155255ರಲ್ಲಿ ಕರೆ ಮಾಡಬಹುದು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯ ಔಷಧದ ಡಬ್ಬಿ, ಪಾಲಿಸಿಯ ಕಡತ ಎರಡನ್ನೂ ನಡುಮನೆಗೆ ತನ್ನಿ. ಮೊಮ್ಮಕ್ಕಳು ಗಟ್ಟಿಯಾಗಿ ಓದಲಿ, ಹಿರಿಯರು ಕೇಳಲಿ. ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಸೋಮವಾರ ವೈದ್ಯರನ್ನೋ ವಿಮಾ ಕಚೇರಿಯನ್ನೋ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ.