ಆಡುಸೋಗೆಯ ಕಷಾಯವೂ ಎರಡು ವಾರದ ಕೆಮ್ಮೂ

ಶೀತಕಾಲವು ಕಾಲಿಟ್ಟೊಡನೆ ನಮ್ಮ ಪಟ್ಟಣಗಳ ಕಚೇರಿ, ನ್ಯಾಯಸ್ಥಾನ, ಪಾಠಶಾಲೆಗಳಲ್ಲಿ ಕೆಮ್ಮಿನ ಸದ್ದೇಳುವುದು ಹೊಸದಲ್ಲ. 2020ರ ಮಹಾಮಾರಿಯ ತರುವಾಯ ಹೊಸದಾಗಿ ಕಾಣುತ್ತಿರುವುದೇನೆಂದರೆ, ಪ್ರತಿಯೊಬ್ಬ ಗುಮಾಸ್ತರೂ ಅರ್ಧ ಪಂಡಿತರಾಗಿರುವುದು. ಒಬ್ಬರು ಅಮೃತಬಳ್ಳಿಯೆನ್ನುವರು, ಇನ್ನೊಬ್ಬರು ನೆಲಬೇವೆನ್ನುವರು, ಮೂರನೆಯವರು ಗ್ರಂಧಿಗೆ ಅಂಗಡಿಯ ಪುಡಿಯ ಪೊಟ್ಟಣವನ್ನೇ ಜೇಬಿನಿಂದ ತೆಗೆದು ಕೊಡುವರು. ವೈರಸ್ಸಿನಿಂದ ಹುಟ್ಟುವ ನೆಗಡಿ, ಜ್ವರ, ಎದೆಕಫಗಳಿಗೂ ಅವು ಹಿಂದೆ ಬಿಟ್ಟುಹೋಗುವ ದೀರ್ಘ ಬಾಧೆಗಳಿಗೂ ಈ ಮೂಲಿಕೆಗಳು ಎಷ್ಟರಮಟ್ಟಿಗೆ ಒದಗುವುವೆಂಬುದನ್ನು ವಿಚಾರಮಾಡುವ ಕಾಲ ಬಂದಿದೆ. ನಾವು ವೈದ್ಯರಲ್ಲ, ಆದರೆ ಈ ವಿಷಯದಲ್ಲಿ ಮೌನವಾಗಿರಲಾಗದ ಕಾರಣವೊಂದು ನಮಗುಂಟು. ಅದನ್ನು ಕಡೆಯಲ್ಲಿ ಹೇಳುವೆವು.

ಮೊದಲು ಆಡುಸೋಗೆಯ ಮಾತು. ದನಗಳಾಗಲಿ ಮೇಕೆಗಳಾಗಲಿ ಅದರ ಕಹಿಯೆಲೆಗೆ ಬಾಯಿಹಾಕವು. ಆದುದರಿಂದಲೇ ರೈತರು ಅದನ್ನು ಬೇಲಿಗೆ ನೆಡುವರು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ವಾಸಾ ಎಂದು ಹೆಸರುಗೊಂಡ ಈ ಗಿಡದ ಎಲೆಯ ರಸವನ್ನು ಜೇನಿನೊಡನೆ ಕೆಮ್ಮಿಗೆ ಕೊಡುವುದು ನಮ್ಮ ಅಜ್ಜಿಯರೆಲ್ಲರೂ ಬಲ್ಲ ಸಂಗತಿ. ಆ ಎಲೆಯಲ್ಲಿ ವ್ಯಾಸಿಸೀನ್ ಎಂಬ ಸತ್ವವಿದೆ. ಅದರ ರಚನೆಯನ್ನೇ ಆಧಾರಮಾಡಿಕೊಂಡು ಜರ್ಮನಿಯ ರಸಾಯನಶಾಸ್ತ್ರಜ್ಞರು ಬ್ರೊಮ್‌ಹೆಕ್ಸಿನ್ ಎಂಬ ಔಷಧವನ್ನು ಮಾಡಿದರು. 1963ರಲ್ಲಿ ಅದು ಮಾರಾಟಕ್ಕೆ ಬಂದಿತು. ಆ ಔಷಧವು ದೇಹದೊಳಗೆ ಮಾರ್ಪಟ್ಟು ಅಂಬ್ರಾಕ್ಸಾಲ್ ಆಗುವುದು. ಇಂದು ಔಷಧದಂಗಡಿಯಲ್ಲಿ ಕಫದ ಕೆಮ್ಮಿನ ಸೀಸೆಯನ್ನು ತಿರುಗಿಸಿ ನೋಡಿದವರಿಗೆ ಈ ಎರಡರಲ್ಲೊಂದರ ಹೆಸರು ಅನೇಕ ಬಾರಿ ಕಣ್ಣಿಗೆ ಬೀಳುವುದು. ಗಿಡ ನಮ್ಮ ಬೇಲಿಯದು, ಅನುಭವ ನಮ್ಮ ಪಂಡಿತರದು. ಅಳೆದು, ತೂಗಿ, ಶೋಧಿಸಿ ನೋಡಿದ ಶ್ರಮ ಮಾತ್ರ ಪರರದು. ಇದಕ್ಕಾಗಿ ಅವರನ್ನು ಹಳಿಯುವುದು ನ್ಯಾಯವಲ್ಲ. ಆ ಶ್ರಮವನ್ನು ನಾವೇಕೆ ಪಡಲಿಲ್ಲವೆಂಬ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಾಗಿ ಹೊರಡದು.

ಆದರೂ ಆಡುಸೋಗೆ ಮಾಡುವುದೇನು? ಅಂಟಿಕೊಂಡ ಕಫವನ್ನು ಸಡಿಲಿಸಿ ಹೊರಕ್ಕೆ ತರುವುದು. ವೈರಸ್ಸನ್ನು ಕೊಲ್ಲುವುದೆಂದು ಹೇಳಲು ಆಧಾರ ಸಾಲದು. ಈ ಭೇದವನ್ನು ಮರೆತುದರಿಂದಲೇ ನಮ್ಮ ಅನೇಕ ಭ್ರಮೆಗಳು ಹುಟ್ಟಿವೆ. ಶುಂಠಿ, ತುಳಸಿ, ಮೆಣಸು, ದೊಡ್ಡಪತ್ರೆಗಳ ಬಿಸಿ ಕಷಾಯವು ಗಂಟಲಿಗೆ ಹಿತ; ನೆಲಬೇವು ಗಂಟಲುನೋವನ್ನೂ ಕೆಮ್ಮನ್ನೂ ತಕ್ಕಮಟ್ಟಿಗೆ ಬೇಗ ಇಳಿಸುವುದೆಂದು ಕೆಲವು ಪರೀಕ್ಷೆಗಳು ತೋರಿಸಿವೆ, ಆದರೆ ಅವುಗಳಲ್ಲಿ ಹಲವು ದುರ್ಬಲವಾದವು. ಜೇನು ಕೆಮ್ಮನ್ನು ಶಮನಮಾಡುವುದು ನಿಜ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಅದನ್ನು ನೆಕ್ಕಿಸಲೇ ಕೂಡದು.

ಇನ್ನೊಂದು ದೃಷ್ಟಾಂತವು ಅಡಿಗೆಮನೆಯದೇ. ಪಲಾವಿಗೆ ಹಾಕುವ ಚಕ್ರಮೊಗ್ಗು ದಕ್ಷಿಣ ಚೀನದಲ್ಲಿ ಹೇರಳವಾಗಿ ಬೆಳೆಯುವುದು. ಅದರೊಳಗಿನ ಶಿಕಿಮಿಕ್ ಆಮ್ಲದಿಂದ ಇನ್‌ಫ್ಲುಯೆಂಜಾ ಜ್ವರದ ಔಷಧವಾದ ಒಸೆಲ್ಟಾಮಿವಿರ್ ತಯಾರಾಗುವುದು. 1999ರಿಂದ ಅದು ಬಳಕೆಯಲ್ಲಿದೆ. 2005ರಲ್ಲಿ ಹಕ್ಕಿಜ್ವರದ ಭೀತಿ ಹಬ್ಬಿದಾಗ ಈ ಮೊಗ್ಗಿಗೆ ಬಂದ ಬೇಡಿಕೆ ಅಷ್ಟಿಷ್ಟಲ್ಲ. ಹಾಗೆಂದು ಚಕ್ರಮೊಗ್ಗನ್ನು ಕುದಿಸಿ ಕುಡಿದರೆ ಆ ಔಷಧ ಸೇವಿಸಿದಂತಾಗುವುದೇ? ಎಂದಿಗೂ ಇಲ್ಲ. ಆಮ್ಲಕ್ಕೂ ಔಷಧಕ್ಕೂ ನಡುವೆ ಎಷ್ಟೋ ಮೆಟ್ಟಲುಗಳ ರಸಾಯನಕ್ರಿಯೆಯುಂಟು.

ಮೂಲಿಕೆಯಾದುದರಿಂದ ಅಪಾಯವಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ಮಹಾಮಾರಿಯ ದಿನಗಳಲ್ಲಿ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಿ ಯಕೃತ್ತು ಕೆಟ್ಟ ಆರು ಮಂದಿಯ ವೃತ್ತಾಂತವನ್ನು 2021ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಕೂಡಿ ಇಂತಹ 43 ಮಂದಿಯ ವಿವರ ಕೊಟ್ಟರು. ಬಳ್ಳಿ ನಿರಪಾಯಕರವೆಂದೂ, ಅದನ್ನೇ ಹೋಲುವ ಬೇರೊಂದು ಬಳ್ಳಿಯಿಂದ ಹಾನಿಯಾಗಿರಬಹುದೆಂದೂ ಆಯುಷ್ ಸಚಿವಾಲಯವು ಉತ್ತರವಿತ್ತಿತು. ಯಾರ ವಾದ ಗೆದ್ದರೂ ಕೊಳ್ಳುವವನಿಗೆ ಸಮಾಧಾನವಿಲ್ಲ. ಪೊಟ್ಟಣದೊಳಗಿನ ಪುಡಿ ಯಾವ ಬಳ್ಳಿಯದೆಂದು ಅವನು ಅರಿಯುವ ಬಗೆ ಹೇಗೆ? ಹಿಮಾಲಯದ ಕಿರಾತಕಡ್ಡಿಯ ಹೆಸರಿನಲ್ಲಿ ನೆಲಬೇವು ಮಾರಾಟವಾಗುವುದು ಹಳೆಯ ಕತೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಕುಡಿಯುವ ಹಾಲೆಮರದ ಕಷಾಯವನ್ನೇ ನೋಡಿ. ಅದೇ ಹಾಲೆಯ ತೊಗಟೆಯು, ಮೊದಲು ಮಲೇರಿಯಕ್ಕೆಂದು ಸಿದ್ಧಪಡಿಸಿ 2021ರಲ್ಲಿ ಸೌಮ್ಯ ಕೋವಿಡ್ ರೋಗಿಗಳಿಗೆ ಹಂಚಿದ ಆಯುಷ್-64 ಮಾತ್ರೆಯಲ್ಲಿಯೂ ಇದೆ. ಆದರೆ ನಸುಕಿನ ಕತ್ತಲೆಯಲ್ಲಿ ಹಾಲೆಯೆಂದು ಕಾಸರಕದ ತೊಗಟೆಯನ್ನು ಕೆತ್ತಿ ತಂದರೆ ಮನೆಗೆ ಬರುವುದು ಸ್ಟ್ರಿಕ್‌ನೀನ್ ವಿಷ.

ಅತಿಮಧುರವನ್ನು ಬಹುದಿನ ಅಗಿಯುವವರಿಗೆ ರಕ್ತದೊತ್ತಡವೇರುವುದು, ಪೊಟ್ಯಾಸಿಯಂ ಇಳಿಯುವುದು. ಗರ್ಭಿಣಿಯರಿಗೆ ಆಡುಸೋಗೆ ಸಲ್ಲದು, ಅದು ಗರ್ಭಾಶಯವನ್ನು ಸಂಕೋಚಗೊಳಿಸುವುದು.

ಇನ್ನು ರೋಗ ಹೋದ ಮೇಲೂ ಉಳಿಯುವ ಬಾಧೆ. ನೆಗಡಿ ಜ್ವರಗಳ ತರುವಾಯ ಒಣಕೆಮ್ಮು ಕೆಲವು ವಾರ ಉಳಿದು ತಾನಾಗಿಯೇ ಹೋಗುವುದುಂಟು. ಅದು ಹೋಗುವ ವಾರದಲ್ಲಿ ಕುಡಿಯುತ್ತಿದ್ದ ಕಷಾಯಕ್ಕೆ ಕೀರ್ತಿ ಬರುವುದೂ ಉಂಟು! ಕೋವಿಡ್ಡಿನ ಅನಂತರ ತಿಂಗಳುಗಟ್ಟಲೆ ಆಯಾಸ, ಉಬ್ಬಸ, ಬುದ್ಧಿಯ ಮಂಕು ಉಳಿದವರ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರತ್ಯೇಕ ವ್ಯಾಧಿಯಾಗಿ ವಿವರಿಸಿತು. ಅದನ್ನು ಗುಣಪಡಿಸುವುದೆಂದು ಸಿದ್ಧವಾದ ಮೂಲಿಕೆ ಇಲ್ಲ. ಇಂಗ್ಲಿಷ್ ಮಾತ್ರೆಯೂ ಇಲ್ಲ. ಅಶ್ವಗಂಧದ ಡಬ್ಬಿಗಳಿಗೆ ಹಣ ಸುರಿಯುವವರು ಇಷ್ಟನ್ನಾದರೂ ತಿಳಿದು ಸುರಿಯಲಿ.

ಈಗ ನಮ್ಮ ಕಾರಣ. ಅಚ್ಚುಕೂಟದಲ್ಲಿ ನಮ್ಮೊಡನೆ ಬಹುಕಾಲದಿಂದಿದ್ದ ಕೆಲಸಗಾರರೊಬ್ಬರಿಗೆ ಜ್ವರ ಬಂದು ಬಿಟ್ಟಿತು, ಕೆಮ್ಮು ಉಳಿಯಿತು. ಜ್ವರದ ಶೇಷವೆಂದು ನಾವೆಲ್ಲರೂ ಎಣಿಸಿದೆವು. ಅವರು ಹಿತ್ತಲಿನ ಆಡುಸೋಗೆಯ ಕಷಾಯವನ್ನು ದಿನವೂ ಕುಡಿದರು. ಕಫ ಸಡಿಲವಾಗಿ ಸುಖವೆನಿಸುತ್ತಿತ್ತು, ಅದೇ ಮುಳುವಾಯಿತು. ಮುಂದುವರಿಸಿರೆಂದು ಹೇಳಿದವರಲ್ಲಿ ನಾವೂ ಒಬ್ಬರು. ಎರಡು ವಾರಕ್ಕೆ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಮಾಡಿಸಬೇಕೆಂಬುದು ಸರಕಾರದ ಕ್ಷಯನಿವಾರಣ ಕಾರ್ಯಕ್ರಮದ ನಿಯಮ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ನಮ್ಮ ದೇಶದವರು. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಗೂ ಔಷಧಕ್ಕೂ ಕಾಸು ಕೊಡಬೇಕಾದುದಿಲ್ಲ. ಇವೆಲ್ಲವನ್ನೂ ನಮ್ಮ ಪತ್ರಿಕೆಯಲ್ಲಿಯೇ ಅಚ್ಚುಮಾಡಿದ್ದೆವು. ಆದರೂ ಅವರ ಕಫವು ಪರೀಕ್ಷೆಗೆ ಹೋದುದು ಮೂರು ತಿಂಗಳ ಮೇಲೆ. ಆರು ತಿಂಗಳು ಔಷಧ ನುಂಗಿ ಅವರು ಗುಣಹೊಂದಿ ಕೆಲಸಕ್ಕೆ ಬಂದಿದ್ದಾರೆ. ಅಷ್ಟರೊಳಗೆ ರೋಗವು ಅವರ ಹಿರಿಯ ಮಗಳಿಗೂ ತಗುಲಿದ್ದಿತು. ಆಕೆಯ ಚಿಕಿತ್ಸೆ ಇನ್ನೂ ನಡೆಯುತ್ತಿದೆ.