ಹತ್ತು ನಿಮಿಷದ ಆಟವೆಂದು ನಂಬುವಂತಿಲ್ಲ

ಪಬ್‌ಜಿ, ಫ್ರೀ ಫೈರ್ ಎರಡೂ ಒಂದೇ ಎಂದು ತಿಳಿದಿರುವ ಪಾಲಕರೇ ಹೆಚ್ಚು. ವಿಮಾನದಿಂದ ಹಾರಿ, ಬಂದೂಕು ಹುಡುಕಿ, ಕೊನೆಯವರೆಗೆ ಬದುಕುಳಿದವರೇ ಗೆದ್ದಂತೆ ಎಂಬುದು ಎರಡರಲ್ಲೂ ಸಮಾನ. ಆದರೆ ದಕ್ಷಿಣ ಕೊರಿಯಾ ಮೂಲದ ಪಬ್‌ಜಿಯಲ್ಲಿ 100 ಮಂದಿ ಸೆಣಸುತ್ತಾರೆ. ಒಂದು ಆಟ ಮುಗಿಯಲು ಸುಮಾರು ಅರ್ಧ ಗಂಟೆ ಬೇಕು. ಸಿಂಗಾಪುರದ ಗರೆನಾ ಕಂಪನಿಯ ಫ್ರೀ ಫೈರ್‌ನಲ್ಲಿ 50 ಮಂದಿ, ಸುಮಾರು ಹತ್ತೇ ನಿಮಿಷ. ಅಗ್ಗದ ಫೋನಿನಲ್ಲೂ ಓಡುತ್ತದೆ.

ಹತ್ತೇ ನಿಮಿಷ ತಾನೇ ಎಂದು ಪಾಲಕರು ನೆಮ್ಮದಿಪಡುವಂತಿಲ್ಲ. ‘ಇನ್ನೊಂದೇ ಆಟ ಅಮ್ಮಾ’ ಎನ್ನುತ್ತಾ ಊಟ ತಣ್ಣಗಾಗುವುದು ಇಲ್ಲಿಯೇ!

ಸರಕಾರ ಪಬ್‌ಜಿಯನ್ನು 2020ರಲ್ಲಿ, ಫ್ರೀ ಫೈರನ್ನು 2022ರಲ್ಲಿ ನಿಷೇಧಿಸಿತು. ಆದರೂ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. 2021ರಲ್ಲಿ ಬಿಜಿಎಂಐ ಹೆಸರಿನಲ್ಲಿ ಬಂದ ಪಬ್‌ಜಿ, 2022ರಲ್ಲಿ ಮತ್ತೆ ತಡೆ ಕಂಡು 2023ರಲ್ಲಿ ಮರಳಿತು. ಆಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಯಿತು. ಮೂರು ಗಂಟೆಯೂ ಕಡಿಮೆಯೇನಲ್ಲ.