ಸಂಘದ ಸದಸ್ಯರ ಇ-ಮೇಲ್ ವಿಳಾಸಗಳ ಸಂರಕ್ಷಣೆ

ಬೆಳೆಗಾರರ ಸಂಘಗಳೂ ಸಹಕಾರ ಸಂಘಗಳೂ ಸಭೆಯ ತಿಳಿವಳಿಕೆ, ಬಿತ್ತನೆ ಬೀಜದ ವಿತರಣೆ, ಪೇಟೆಯ ಧಾರಣೆ ಮುಂತಾದ ವಿಷಯಗಳನ್ನು ಸದಸ್ಯರಿಗೆ ಇ-ಮೇಲ್ ಮೂಲಕವೂ ತಿಳಿಸುವುದುಂಟು. ಇದಕ್ಕಾಗಿ ಕಾರ್ಯದರ್ಶಿಗಳು ಇಟ್ಟಿರುವ ವಿಳಾಸಗಳ ಪಟ್ಟಿಯು ಅನ್ಯರ ಕೈಸೇರಿದರೆ, ಬೇಡದ ಜಾಹೀರಾತುಗಳಲ್ಲದೆ, ಸಾಲ ಕೊಡುವೆವೆಂದೋ ಸಹಾಯಧನ ಬಂದಿದೆಯೆಂದೋ ನಂಬಿಸಿ ಹಣ ಅಪಹರಿಸುವ ಪತ್ರಗಳೂ ಸದಸ್ಯರಿಗೆ ಬರತೊಡಗುವುವು. ಒಮ್ಮೆ ಹೊರಬಿದ್ದ ಪಟ್ಟಿಯನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಆದುದರಿಂದ ಇದನ್ನು ಸಂಘದ ನಗದಿನಂತೆಯೇ ಕಾಪಾಡತಕ್ಕದ್ದು.

ಈ ಪೀಡೆಯು ಹೊಸದಲ್ಲ. 1978ನೆಯ ಇಸವಿ ಮೇ ತಿಂಗಳಲ್ಲಿ ಅಮೆರಿಕದ ಅರ್ಪಾನೆಟ್ ಎಂಬ ಸಂಶೋಧನಾ ಜಾಲದ ಸುಮಾರು 400 ಮಂದಿಗೆ ಕಂಪ್ಯೂಟರ್ ಕಂಪೆನಿಯೊಂದರ ಜಾಹೀರಾತು ಏಕಕಾಲದಲ್ಲಿ ಹೋಯಿತು. ವಿಳಾಸಗಳನ್ನು ತೆಗೆದುಕೊಂಡದ್ದು ಜಾಲದ ಬಳಕೆದಾರರ ಅಚ್ಚಾದ ವಿಳಾಸ ಪುಸ್ತಕದಿಂದ. ಪರಸ್ಪರ ವ್ಯವಹಾರಕ್ಕಾಗಿ ಇದ್ದ ಪುಸ್ತಕವು ವ್ಯಾಪಾರಕ್ಕೆ ಸಾಧನವಾಯಿತು.

ಪಟ್ಟಿಯು ಸೋರಿಹೋಗುವ ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು, ಎಲ್ಲರ ವಿಳಾಸಗಳೂ ಎಲ್ಲರಿಗೂ ಕಾಣುವಂತೆ ಒಂದೇ ಪತ್ರವನ್ನು ಕಳುಹಿಸುವುದು. ಎರಡನೆಯದು, ಸದಸ್ಯರ ವಿಳಾಸಗಳನ್ನು ಅಂತರಜಾಲದ ಪುಟದಲ್ಲಿ ಪ್ರಕಟಿಸುವುದು. ವಿಳಾಸದ ನಡುವೆ ಬರುವ ‘ಅಟ್’ ಎಂಬ ಚಿಹ್ನೆಯನ್ನು ಹುಡುಕಿ ಇವನ್ನು ಕೂಡಿಹಾಕುವ ತಂತ್ರಾಂಶಗಳಿವೆ. ಮೂರನೆಯದು, ಯಾರಾದರೊಬ್ಬರ ಕಂಪ್ಯೂಟರಿಗೆ ವೈರಸ್ ತಗುಲುವುದು. 1999ರಲ್ಲಿ ಹರಡಿದ ಮೆಲಿಸಾ ಎಂಬ ವೈರಸ್ಸು ಸೋಂಕಿದ ಕಂಪ್ಯೂಟರಿನ ವಿಳಾಸ ಪಟ್ಟಿಯಲ್ಲಿದ್ದ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು.

ಇವುಗಳ ನಿವಾರಣೆಗೆ ಕೆಳಕಂಡ ಕ್ರಮಗಳನ್ನು ಅನುಸರಿಸಬೇಕು:

1. ಅನೇಕರಿಗೆ ಪತ್ರ ಕಳುಹಿಸುವಾಗ ವಿಳಾಸಗಳನ್ನು ‘ಬಿ.ಸಿ.ಸಿ.’ ಎಂಬ ಸ್ಥಾನದಲ್ಲಿಯೇ ಬರೆಯಬೇಕು. ಹೀಗೆ ಮಾಡಿದರೆ ಒಬ್ಬರ ವಿಳಾಸವು ಮತ್ತೊಬ್ಬರಿಗೆ ಕಾಣಿಸದು.

2. ಸದಸ್ಯರು ಹೆಚ್ಚಾಗಿದ್ದಲ್ಲಿ, ಒಂದೇ ವಿಳಾಸದಿಂದ ಎಲ್ಲರಿಗೂ ಪತ್ರ ಹಂಚುವ ಏರ್ಪಾಡನ್ನು ಮಾಡಿಕೊಂಡು, ಪಟ್ಟಿಯನ್ನು ನೋಡುವ ಅಧಿಕಾರವನ್ನು ಕಾರ್ಯದರ್ಶಿಗಳಿಗೆ ಮಾತ್ರ ಕೊಡಬೇಕು.

3. ಸಾರ್ವಜನಿಕರಿಗಾಗಿ ಸಂಘದ ಕಚೇರಿಯ ವಿಳಾಸವೊಂದನ್ನೇ ಪ್ರಕಟಿಸಬೇಕು.

4. ಬೀಜ, ಗೊಬ್ಬರ, ಯಂತ್ರಗಳ ವರ್ತಕರು ಕೇಳಿದರೆ ಪಟ್ಟಿಯನ್ನು ಕೊಡಕೂಡದು. ಅವರ ಸುದ್ದಿಯು ಉಪಯುಕ್ತವೆಂದು ತೋರಿದರೆ ಸಂಘವೇ ಅದನ್ನು ಸದಸ್ಯರಿಗೆ ತಿಳಿಸಬಹುದು.

5. ಸದಸ್ಯತ್ವವನ್ನು ಬಿಟ್ಟವರ ವಿಳಾಸವನ್ನು ಒಡನೆಯೇ ತೆಗೆದುಹಾಕಬೇಕು.

ಸದಸ್ಯರೂ ಎಚ್ಚರದಿಂದಿರತಕ್ಕದ್ದು. ಅಪರಿಚಿತರ ಪತ್ರಕ್ಕೆ ‘ಇನ್ನು ಮುಂದೆ ಕಳುಹಿಸಬೇಡಿ’ ಎಂದು ಉತ್ತರ ಬರೆಯುವುದೂ ಹಾನಿಕರ. ಆ ವಿಳಾಸವು ಬಳಕೆಯಲ್ಲಿದೆಯೆಂದು ಅದರಿಂದ ಅವರಿಗೆ ಖಚಿತವಾಗುವುದು. ಇಂಥ ಪತ್ರಗಳಲ್ಲಿನ ಕೊಂಡಿಗಳನ್ನು ಒತ್ತದೆ, ಅವನ್ನು ‘ಸ್ಪ್ಯಾಮ್’ ಎಂದು ಗುರುತಿಸಿ ಬಿಡುವುದೇ ಲೇಸು.

ಒಂದು ಉದ್ದೇಶಕ್ಕೆಂದು ಒಪ್ಪಿಗೆ ಪಡೆದು ತೆಗೆದುಕೊಂಡ ವಿವರವನ್ನು ಆ ಉದ್ದೇಶಕ್ಕೇ ಬಳಸಬೇಕೆಂಬುದು 2023ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತತ್ವವೂ ಆಗಿದೆ. ಸದಸ್ಯರು ವಿಳಾಸವನ್ನು ಕೊಟ್ಟಿರುವುದು ಸಂಘದ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಕೆಟ್ಟರೆ ಅವರು ಸಂಘದ ಪತ್ರಗಳನ್ನೂ ತೆರೆಯದೆ ಬಿಡುವರು; ಕೀಟಬಾಧೆಯ ಮುನ್ಸೂಚನೆಯೂ ಸಕಾಲಕ್ಕೆ ಅವರನ್ನು ತಲುಪದೆ ಹೋಗುವುದು. ಕಾರ್ಯದರ್ಶಿಗಳು ಮುಂದಿನ ಸುತ್ತೋಲೆಯನ್ನು ಕಳುಹಿಸುವ ಮೊದಲೇ ತಮ್ಮ ಪಟ್ಟಿಯನ್ನು ಈ ರೀತಿ ಕ್ರಮಪಡಿಸಿಕೊಳ್ಳುವುದು ಅತ್ಯಾವಶ್ಯಕವು.